ಅತ್ತೆಯ ವೋಟಿಗೆ ಜೊತೆ ಹೋಗುವವಳು

ಅತ್ತೆಯ ಎರಡು ಕಣ್ಣಿಗೂ ಮೂರು ಹೊತ್ತು ಡ್ರಾಪ್ಸ್ ಹಾಕುತ್ತಿದ್ದವಳು ನಾನು. ಸ್ನಾನಕ್ಕೆ ನೀರು ಬೆರೆಸಿಡುತ್ತಿದ್ದವಳು ನಾನು, ಸೀರೆಯ ನೆರಿಗೆ ಹಿಡಿದುಕೊಡುತ್ತಿದ್ದವಳು ನಾನು, ತಟ್ಟೆಯಲ್ಲಿ ಪಲ್ಯ ಎಲ್ಲಿದೆ, ಉಪ್ಪಿನಕಾಯಿ ಎಲ್ಲಿದೆ ಎಂದು ಬೆರಳು ಹಿಡಿದು ತೋರಿಸುತ್ತಿದ್ದವಳೂ ನಾನೇ. ಆದರೆ ವೋಟು ಹಾಕುವ ದಿನ ಅವರು ಕೈ ಚಾಚಿದ್ದು ನನ್ನ ಓರಗಿತ್ತಿಯ ಕಡೆಗೆ. ಇಷ್ಟು ವರ್ಷವಾದ ಮೇಲೂ ಇದನ್ನು ಬರೆಯುವಾಗ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದೆ. ಉರಿಯಲಿ ಬಿಡಿ. ಉರಿ ಆರಿಹೋಗಿದ್ದರೆ ನಾನು ಬರೆಯುವುದಕ್ಕೆ ಕೂರುತ್ತಲೇ ಇರಲಿಲ್ಲ.

ನಮ್ಮ ಮನೆ ಇದ್ದದ್ದು ಮದರಾಸಿನ ಅಂಚಿನ ಕ್ರೋಂಪೇಟೆಯಲ್ಲಿ. ಮಾವ ರೈಲ್ವೆಯಲ್ಲಿದ್ದವರು. ತಾಂಬರಂ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿ, ನಿವೃತ್ತಿಯ ಹೊತ್ತಿಗೆ ಹಳಿಯಿಂದ ಎರಡು ಬೀದಿ ಆಚೆ ಆ ಮನೆ ಕಟ್ಟಿಸಿದ್ದರು. ಬೋರು ತೋಡಿಸಿದರೆ ಹಳದಿ ನೀರು ಬಂತು. ಚರ್ಮ ಹದ ಮಾಡುವ ಕಡೆಯಿಂದ ಗಾಳಿ ತಿರುಗಿದರೆ ಬಡಿಸಿದ ಅನ್ನ ಹಾಗೇ ಉಳಿಯುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮಂಡ್ಯದ ಕಡೆಯಿಂದ ಆ ಮನೆಗೆ ಹಿರಿಯ ಸೊಸೆಯಾಗಿ ಬಂದೆ. ಆಗ ನನಗೆ ಬರುತ್ತಿದ್ದ ತಮಿಳು ಎಂದರೆ 'ತಣ್ಣಿ', 'ಪೋದುಂ', ಅಂದರೆ ನೀರು, ಸಾಕು, ಇಷ್ಟೇ. ಉಳಿದದ್ದನ್ನೆಲ್ಲ ನೀರಿನ ಲಾರಿಯ ಮುಂದೆ ಪ್ಲಾಸ್ಟಿಕ್ ಕೊಡ ಹಿಡಿದು ಜಗಳವಾಡುತ್ತ ಕಲಿತೆ. ಹಾಗಾಗಿ ಬೈಗುಳ ಮೊದಲು ಬಂತು, ಮರ್ಯಾದೆಯ ಮಾತು ಆಮೇಲೆ ಬಂತು.

ಚುನಾವಣೆ ಬಂದರೆ ಮಾವ ಬೆಳಗಿನ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಈ ಸಲ ಇಂಥ ಗುರುತಿಗೆ ಎಂದು ಹೇಳುತ್ತಿದ್ದರು. ಅದಕ್ಕೆ ಚರ್ಚೆ ಇಲ್ಲ, ಯಾಕೆ ಏನು ಎಂದು ಕೇಳುವುದಿಲ್ಲ. ಅವರ ಲೆಕ್ಕಾಚಾರ ಹೀಗಿತ್ತು: ನಾವು ಪರಊರಿನವರು, ಕನ್ನಡದವರೆಂದರೆ ಇಡೀ ಬೀದಿಗೆ ಒಂದು ಮನೆ. ಇರುವ ನಾಲ್ಕು ವೋಟೂ ನಾಲ್ಕು ದಿಕ್ಕಿಗೆ ಹೋದರೆ ನಾಳೆ ಚರಂಡಿ ಕಟ್ಟಿಕೊಂಡಾಗ ಯಾರ ಬಾಗಿಲಿಗೆ ಹೋಗಿ ನಿಲ್ಲುವುದು? ಪಕ್ಷದವರು ಕೈಮುಗಿದುಕೊಂಡು ಬಂದಾಗ ನಮ್ಮನೆ ವೋಟೆಲ್ಲ ನಿಮಗೇ ಎಂದು ಎದೆ ತಟ್ಟಿ ಹೇಳುವ ಹಾಗಿರಬೇಕು. ಕಾವೇರಿ ಗಲಾಟೆಯ ದಿನಗಳಲ್ಲಿ ಲೋಕಲ್ ಟ್ರೈನಿನಲ್ಲಿ ಪಕ್ಕದಲ್ಲಿ ಕೂತ ಹೆಂಡತಿಯ ಜೊತೆಗೂ ಕನ್ನಡ ಮಾತನಾಡದೆ ಬಾಯಿ ಹೊಲಿದುಕೊಂಡು ಮನೆ ಸೇರಿದ ಮನುಷ್ಯ ಅವರು. ಅವರ ಹೆದರಿಕೆಗೆ ಕಾರಣವಿತ್ತು. ನನಗಂತೂ ಅದರಲ್ಲಿ ಹೊಸದೇನೂ ಕಾಣಲಿಲ್ಲ. ತವರಿನಲ್ಲಿ ಅಪ್ಪ ಹೇಳುತ್ತಿದ್ದರು, ಇಲ್ಲಿ ಮಾವ ಹೇಳಿದರು.

ಅತ್ತೆ ಮಾತ್ರ ವೋಟಿನ ದಿನವನ್ನು ಹಬ್ಬದ ಹಾಗೆ ಮಾಡುತ್ತಿದ್ದರು. ಬೆಳಗ್ಗೆಯೇ ತಲೆಗೆ ಸ್ನಾನ, ಮೈಸೂರಿನಿಂದ ತಂದ ಸಣ್ಣಂಚಿನ ರೇಷ್ಮೆ ಸೀರೆ, ಮುಡಿಗೆ ಮಲ್ಲಿಗೆ. ಯಾರ ಮದುವೆಗೆ ಹೊರಟಿದ್ದೀಯ ಎಂದು ಮಾವ ಛೇಡಿಸಿದರೆ, ನನ್ನ ಹೆಸರು ಹಿಡಿದು ಕೂಗೋ ಜಾಗ ಅದೊಂದೇ, ಹೋಗಬೇಡವೇ ಎನ್ನುತ್ತಿದ್ದರು. ನಿಜವೇ. ಮನೆಯಲ್ಲಿ ಅವರು ಅಮ್ಮ, ಬೀದಿಯಲ್ಲಿ ಮಾಮಿ. ಅವರ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದವನು ಮತಗಟ್ಟೆಯ ಆ ಗುಮಾಸ್ತ ಒಬ್ಬನೇ. ವೋಟು ಹಾಕಿ ಹೊರಗೆ ಬಂದಾಗ ಮಾವ ಹಾಕಿದೆಯಾ ಎನ್ನುವರು, ಅತ್ತೆ ಹಾಕಿದೆ ಎನ್ನುವರು. ಇಬ್ಬರೂ ಮನೆಗೆ ಬಂದು ಊಟ ಮಾಡುವರು.

ಮಾವ ಹೋದಮೇಲೆ ಅವರ ಕೈಗಡಿಯಾರ ಮೈದುನನ ಪಾಲಿಗೆ ಬಂತು, ಲೋಟ ಕೆಳಗಿಟ್ಟು ಗುರುತು ಹೇಳುವ ಕೆಲಸ ನಮ್ಮೆಜಮಾನರ ಪಾಲಿಗೆ ಬಂತು. ನಮ್ಮೆಜಮಾನರದೂ ರೈಲ್ವೆ ಕೆಲಸವೇ, ಜೊತೆಗೆ ಯೂನಿಯನ್ ಓಡಾಟ. ಅವರ ಗುರುತು ಮಾವನ ಗುರುತಿಗೆ ನೇರ ಎದುರು. ಅಪ್ಪನ ವರ್ಷಾಬ್ದಿಕ ಮುಗಿಯುವ ಮೊದಲೇ ಇಡೀ ಮನೆಯ ವೋಟನ್ನು ಕುರಿಮಂದೆ ತಿರುಗಿಸಿದ ಹಾಗೆ ಆ ಕಡೆಯಿಂದ ಈ ಕಡೆಗೆ ತಿರುಗಿಸಿದರು. ನಾನು ಹೂಂ ಅಂದೆ. ಅತ್ತೆಯೂ ಹೂಂ ಅಂದರು.

ಓರಗಿತ್ತಿ ಬಂದದ್ದು ಆಮೇಲೆ. ಅಜ್ಜನ ಕಾಲದಿಂದ ಮದರಾಸಿನಲ್ಲೇ ಬೇರು ಬಿಟ್ಟ ಕನ್ನಡದ ಮನೆಯ ಹುಡುಗಿ. ಬ್ಯಾಂಕಿನಲ್ಲಿ ಕೆಲಸ, ಮೈದುನನ ಜೊತೆ ಅಡ್ಯಾರಿನಲ್ಲಿ ಮರದ ನೆರಳಿನ ಫ್ಲಾಟು, ಕೈಯಲ್ಲಿ ಯಾವಾಗಲೂ ಒಂದು ಇಂಗ್ಲಿಷ್ ಪತ್ರಿಕೆ. ಅವಳ ಕನ್ನಡದಲ್ಲಿ ಅರ್ಧ ತಮಿಳು. "ಅಕ್ಕ, ಇನ್ನಿಕ್ಕಿ ಬಸ್ಸಲ್ಲಿ ಭಯಂಕರ ಕೂಟ್ಟಂ, ನಿಂತ್ಕೊಂಡೇ ಬಂದೆ" ಎನ್ನುತ್ತ ಭಾನುವಾರ ಬರುವಳು. ಬಂದವಳು ಸೀದಾ ಅತ್ತೆಯ ಮಂಚದ ಮೇಲೆ ಕಾಲು ಮಡಿಸಿ ಕೂತು ತಮಿಳು ಪೇಪರ್ ಓದಿ ಹೇಳಲು ಶುರು ಮಾಡುವಳು. ಅತ್ತೆಗೆ ಅಷ್ಟು ಹೊತ್ತಿಗೆ ಅಕ್ಷರ ಕಾಣುತ್ತಿರಲಿಲ್ಲ. ನನಗೆ ಕಣ್ಣು ಕಾಣುತ್ತಿತ್ತು, ತಮಿಳು ಅಕ್ಷರ ಗೊತ್ತಿರಲಿಲ್ಲ. ಹೀಗಾಗಿ ಆ ಮಂಚದ ಮೇಲೆ ನನಗೆ ಜಾಗವಿರಲಿಲ್ಲ.

ನಾನು ಒಳಗೆ ದೋಸೆಗೆ ರುಬ್ಬುತ್ತಿದ್ದರೆ ಹೊರಗೆ ಅವರಿಬ್ಬರ ವಾದ ಕೇಳಿಸುತ್ತಿತ್ತು. ಆ ಮಂತ್ರಿ ಹೀಗೆ, ಈ ಮುಖಂಡ ಹಾಗೆ, ಹಳಿ ದಾಟಲು ಸುರಂಗ ಮಾಡುತ್ತೇವೆ ಎಂದವನು ಗೆದ್ದಮೇಲೆ ಈ ಕಡೆ ತಲೆಯನ್ನೇ ಹಾಕಲಿಲ್ಲ. ಅತ್ತೆ ನಗುತ್ತಿದ್ದರು. ನನ್ನ ಜೊತೆ ಇಡೀ ವಾರ ಅವರು ಮಾತನಾಡುತ್ತಿದ್ದದ್ದು ಹುಣಸೆಹಣ್ಣಿನ ಬಗ್ಗೆ, ಹಾಲಿನವನ ಬಗ್ಗೆ, ಮೊಣಕಾಲಿನ ಬಗ್ಗೆ. ನಗುವಂಥದ್ದೇನೂ ನಮ್ಮ ಮಧ್ಯೆ ಬರುತ್ತಿರಲಿಲ್ಲ. ಹೊಟ್ಟೆಕಿಚ್ಚಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಗ್ರೈಂಡರಿನ ಕಲ್ಲಿಗಿಂತ ಜೋರಾಗಿ ನನ್ನೊಳಗೆ ಏನೋ ತಿರುಗುತ್ತಿತ್ತು.

ಹೂವಿನ ವಿಷಯ ಕೇಳಿ. ದಿನಾ ಸಂಜೆ ಸ್ಟೇಷನ್ನಿನ ಮೆಟ್ಟಿಲ ಹತ್ತಿರ ಕೂರುವ ಹೂವಿನವಳ ಹತ್ತಿರ ನಾನು ಅತ್ತೆಗೆ ಮಲ್ಲಿಗೆ ತರುತ್ತಿದ್ದೆ. ಭಾನುವಾರ ಓರಗಿತ್ತಿ ತರುತ್ತಿದ್ದಳು, ಅದೇ ಹೂವಿನವಳ ಹತ್ತಿರ, ಅದೇ ಬುಟ್ಟಿಯಿಂದ. ಚಿಕ್ಕವಳು ತಂದ ಹೂವಿನ ಘಮವೇ ಬೇರೆ ಎನ್ನುತ್ತಿದ್ದರು ಅತ್ತೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳುತ್ತಾರೆಯೇ. ಆ ಮನೆಯ ಹಿತ್ತಲಲ್ಲಿ ಹಳದಿ ನೀರು ಕುಡಿದು ಬೆಳೆದ ಗಿಡ ನಾನು.

ಅತ್ತೆಯ ಕಣ್ಣಿನೊಳಗಿನ ಒತ್ತಡ ಏರುತ್ತ ಹೋಯಿತು. ಕೊನೆಗೆ ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂದಷ್ಟೇ ತಿಳಿಯುತ್ತಿತ್ತು, ಯಾರು ಎಂದು ತಿಳಿಯುತ್ತಿರಲಿಲ್ಲ. ಅದೇ ಸಮಯಕ್ಕೆ ದೆಹಲಿಯ ಪಾರ್ಲಿಮೆಂಟಿನ ಚುನಾವಣೆ ಬಂತು. ಚೀಟಿಗೆ ಮುದ್ರೆ ಒತ್ತುವ ಕಾಲ ಮುಗಿದು ಮೆಷಿನ್ನಿನ ಗುಂಡಿ ಒತ್ತುವ ಕಾಲ. ನಮ್ಮೆಜಮಾನರು ಒಂದು ಚಪ್ಪಲಿ ಡಬ್ಬಿಯ ಮುಚ್ಚಳದ ಮೇಲೆ ಸೋಡಾ ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಅಂಟಿಸಿ ಅಮ್ಮನಿಗೆಂದು ಒಂದು ಮೆಷಿನ್ ಮಾಡಿದರು. ಮೇಲಿಂದ ಮೂರನೆಯದು, ಅಮ್ಮ, ಮೇಲಿಂದ ಮೂರನೆಯದು ಎಂದು ಬೆರಳು ಹಿಡಿದು ಒತ್ತಿಸಿದರು. ಮಧ್ಯಾಹ್ನದ ಹೊತ್ತು ಪಾಠದ ಕೆಲಸ ನನ್ನದು. ಅತ್ತೆ ಒಳ್ಳೆಯ ಮಗುವಿನ ಹಾಗೆ ಕೂತು ಒಂದು, ಎರಡು, ಮೂರು ಎಂದು ತಡವಿ ತಡವಿ ಒತ್ತುತ್ತಿದ್ದರು. ಕೆಲವು ದಿನವಾದ ಮೇಲೆ, ಕೈ ನಡುಗುತ್ತೆ ಕಣಪ್ಪ, ನನ್ನಿಂದ ಆಗಲ್ಲ, ಒಳಗೆ ಜೊತೆಗೆ ಯಾರಾದರೂ ಬರಲಿ ಎಂದರು. ಕಣ್ಣು ಕಾಣದವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದು ಎಂದು ನಮ್ಮೆಜಮಾನರು ವಿಚಾರಿಸಿಕೊಂಡು ಬಂದರು. ಇವಳು ಬರ್ತಾಳೆ ಬಿಡಿ ಎಂದು ನನ್ನ ಕಡೆ ಕೈ ತೋರಿಸಿದರು. ಅತ್ತೆ ಹೂಂ ಎಂದರು.

ನನಗಾದ ಖುಷಿಯನ್ನು ಏನೆಂದು ಹೇಳಲಿ. ನೀಲಿ ಸೀರೆಗೆ ಇಸ್ತ್ರಿ ಹಾಕಿಸಿದೆ. ಅಧಿಕಾರಿ ಕೇಳಿದರೆ ಏನು ಹೇಳಬೇಕು ಎಂದು ತಮಿಳಿನಲ್ಲಿ ಮನಸ್ಸಿನಲ್ಲೇ ಪಾಠ ಮಾಡಿಕೊಂಡೆ. ಎದುರು ಮನೆಯಾಕೆಗೆ ಹೇಳಿದೆ, ನೀರಿನ ಲಾರಿಯ ಹತ್ತಿರ ಇನ್ನೂ ಇಬ್ಬರಿಗೆ ಹೇಳಿದೆ. ನಾನು ಅತ್ತೆಯ ಕೈ ಹಿಡಿದು ಒಳಗೆ ಹೋಗುವುದನ್ನು ಇಡೀ ಬೀದಿ ನೋಡಬೇಕಿತ್ತು. ನಾಲ್ಕು ಸಾಲು ಪೇಪರ್ ಓದಿ ಹೋಗುವವಳಿಗೂ ದಿನಾ ಜೊತೆಗಿರುವವಳಿಗೂ ಇರುವ ವ್ಯತ್ಯಾಸ ಅವತ್ತಾದರೂ ಗೊತ್ತಾಗುತ್ತದೆ ಎಂದುಕೊಂಡೆ.

ಅವತ್ತು ಬೆಳಗ್ಗೆ ಅತ್ತೆಗೆ ನೆರಿಗೆ ಹಿಡಿದು ನಿಂತಿದ್ದಾಗ ಗೇಟಿನ ಮುಂದೆ ಆಟೋ ನಿಂತಿತು. ಓರಗಿತ್ತಿ ಇಳಿದಳು. ಅಡ್ಯಾರಿನಲ್ಲಿ ಬೆಳಗಾಗುತ್ತಲೇ ತನ್ನ ವೋಟು ಮುಗಿಸಿ, ಬೆರಳ ಮೇಲೆ ಮಸಿ ಇಟ್ಟುಕೊಂಡು ಬಂದಿದ್ದಳು. ಅತ್ತೆ ಫೋನ್ ಮಾಡಿ ಬರಲು ಹೇಳಿದ್ದರಂತೆ. ನನಗೆ ಆಗಲೂ ತಿಳಿಯಲಿಲ್ಲ. ಊಟಕ್ಕೆ ಕರೆದಿರಬೇಕು ಎಂದುಕೊಂಡು ಅನ್ನಕ್ಕೆ ಇನ್ನೊಂದು ಪಾವು ಅಕ್ಕಿ ತೊಳೆದಿಟ್ಟು ಹೊರಟೆ.

ಮತಗಟ್ಟೆ ಇದ್ದದ್ದು ಹತ್ತಿರದ ಶಾಲೆಯಲ್ಲಿ. ಹೆಂಗಸರ ಸಾಲಿನಲ್ಲಿ ಅತ್ತೆಯ ಕೈ ನನ್ನ ಕೈಯಲ್ಲೇ ಇತ್ತು. ಓರಗಿತ್ತಿ ಹಿಂದೆ ಬರುತ್ತಿದ್ದಳು. ಕಣ್ಣು ಕಾಣದವರೆಂದು ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಗುಮಾಸ್ತ ಅತ್ತೆಯ ಹೆಸರನ್ನು ಗಟ್ಟಿಯಾಗಿ ಓದಿದ. ಅತ್ತೆ ಮುಖ ಎತ್ತಿ ಕೇಳಿಸಿಕೊಂಡರು. ಮೇಜಿನ ಹಿಂದಿದ್ದ ಅಧಿಕಾರಿ, ಅಮ್ಮನ ಜೊತೆ ಒಳಗೆ ಯಾರು ಹೋಗುತ್ತೀರಿ ಎಂದು ಕೇಳಿದರು. ನಾನು ಪಾಠ ಮಾಡಿಕೊಂಡಿದ್ದ ಉತ್ತರ ಹೇಳಲು ಬಾಯಿ ತೆರೆದೆ.

ಅತ್ತೆ ನನ್ನ ಕೈಯಿಂದ ತಮ್ಮ ಕೈ ಬಿಡಿಸಿಕೊಂಡರು. "ಚಿನ್ನ ಮರುಮಗ ವರುವಾ" ಎಂದು ಅಧಿಕಾರಿಗೆ ಹೇಳಿ, ನನಗೆ ಅರ್ಥವಾಗಲಿಲ್ಲವೇನೋ ಎಂಬಂತೆ ಕನ್ನಡದಲ್ಲಿ ಮತ್ತೆ ಹೇಳಿದರು: "ಚಿಕ್ಕವಳು ಬರ್ತಾಳೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದುರು ಮನೆಯಾಕೆ ಸಾಲಿನಲ್ಲೇ ನಿಂತಿದ್ದಳು. ಓರಗಿತ್ತಿ ನನ್ನ ಮುಖ ನೋಡದೆ ಮುಂದೆ ಬಂದು ಒಂದು ಕಾಗದಕ್ಕೆ ಸಹಿ ಹಾಕಿದಳು. ಇವತ್ತು ಬೇರೆ ಯಾರಿಗೂ ಹೀಗೆ ಜೊತೆ ಹೋಗಿಲ್ಲ, ಇವರ ವೋಟು ಯಾರಿಗೆಂದು ಯಾರಿಗೂ ಹೇಳುವುದಿಲ್ಲ ಎಂಬ ಮಾತು ಕೊಡುವ ಸಹಿ ಅದು. ಇಬ್ಬರೂ ರಟ್ಟಿನ ಮರೆಗೆ ಹೋದರು. ಕೀಂ ಎಂದು ಮೆಷಿನ್ ಕೂಗಿತು. ಆಮೇಲೆ ನನ್ನ ಸರದಿ ಬಂದಾಗ ಹೋಗಿ ಮೇಲಿಂದ ಮೂರನೆಯದನ್ನು ಒತ್ತಿ ಬಂದೆ. ಸಿಟ್ಟಿನಲ್ಲಿ ಎಷ್ಟು ಜೋರಾಗಿ ಒತ್ತಿದೆನೆಂದರೆ ಬೆರಳು ನೊಂದಿತು.

ಮನೆಗೆ ಬಂದ ಮೇಲೆ ಓರಗಿತ್ತಿಯ ಬಾಯಿ ಬಿಡಿಸಲು ನಾನು ಮಾಡದ ಉಪಾಯವಿಲ್ಲ. ಅವಳಿಗಿಷ್ಟವಾದ ಹಯಗ್ರೀವ ಮಾಡಿದೆ, ಎರಡು ಸಲ ಬಡಿಸಿದೆ. ಕೈ ತೊಳೆಯುವ ಕಡೆ ಹಿಂದೆಯೇ ಹೋಗಿ, ಮೂರನೆಯದನ್ನೇ ತಾನೇ ಒತ್ತಿಸಿದ್ದು ಎಂದು ಏನೂ ಅಲ್ಲದ ಹಾಗೆ ಕೇಳಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ನಕ್ಕಳು. "ಸೊಲ್ಲಕ್ಕೂಡಾದು ಅಕ್ಕ, ಹೇಳೋ ಹಾಗಿಲ್ಲ. ಸೈನ್ ಹಾಕಿದ್ದೀನಲ್ಲ."

ಆ ನಗುವಿದೆಯಲ್ಲ, ಅದನ್ನು ನಾನು ಇವತ್ತಿಗೂ ಮರೆತಿಲ್ಲ. ನಮ್ಮೆಜಮಾನರು ಮಾತ್ರ ನಿಶ್ಚಿಂತೆಯಿಂದ ಇದ್ದರು. ಬಾಟಲಿ ಮುಚ್ಚಳದ ಪಾಠದ ಮೇಲೆ ಅವರಿಗೆ ಅಷ್ಟು ನಂಬಿಕೆ. ಅಮ್ಮ ನಾನು ಹೇಳಿದ್ದನ್ನು ಬಿಟ್ಟು ಬೇರೆ ಎಲ್ಲಿ ಹಾಕುತ್ತಾರೆ ಎಂದು ಚಾಪೆ ಹಾಸಿಕೊಂಡು ಮಧ್ಯಾಹ್ನದ ನಿದ್ದೆ ಹೊಡೆದರು.

ನಾನು ಬಹಳ ದಿನ ಸಿಟ್ಟು ಹಿಡಿದು ಕೂತೆ. ಡ್ರಾಪ್ಸ್ ಹಾಕಿದೆ, ಮಾತನಾಡಲಿಲ್ಲ. ತಟ್ಟೆ ಇಟ್ಟೆ, ಪಲ್ಯ ಎಲ್ಲಿದೆ ಎಂದು ತೋರಿಸಲಿಲ್ಲ. ಅವರೇ ತಡವಿಕೊಂಡು ತಿಂದರು. ಸಂಜೆಯ ಹೂವನ್ನು ನಿಲ್ಲಿಸಿದೆ. ಅತ್ತೆ ಎಮ್ಮೆ ಮೇಲೆ ಮಳೆ ಸುರಿದ ಹಾಗೆ ಇದ್ದರು. ಕೊನೆಗೆ ನನಗೇ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಡ್ರಾಪ್ಸ್ ಹಾಕಿ ಮುಗಿಸಿದ ಮೇಲೆ ಅವರು ಕಣ್ಣು ಮುಚ್ಚಿ ಮಲಗಿದ್ದಾಗ ಕೇಳಿಯೇಬಿಟ್ಟೆ.

"ನಾನೇನು ಕಡಿಮೆ ಮಾಡಿದ್ದೆ ಅತ್ತೆ?"

"ನೀನೇನೂ ಕಡಿಮೆ ಮಾಡಿಲ್ಲ ಕಣೇ. ಹೊಟ್ಟೇಲಿ ಹುಟ್ಟಿದ ಮಗಳಿದ್ದಿದ್ದರೂ ಇಷ್ಟು ಮಾಡ್ತಿರಲಿಲ್ಲ."

ಮತ್ಯಾಕೆ ನಾಲ್ಕು ಜನರ ಮುಂದೆ ನನ್ನ ಕೈ ಬಿಟ್ಟಿರಿ ಎಂದೆ. ಅತ್ತೆ ಕೆನ್ನೆಗೆ ಇಳಿದ ಔಷಧಿಯನ್ನು ಸೆರಗಿನಿಂದ ಒರೆಸಿಕೊಂಡರು. ಆಮೇಲೆ, ನೀನು ಯಾರಿಗೆ ಹಾಕಿದೆ ಎಂದು ಕೇಳಿದರು. ನಿಮ್ಮ ಮಗ ಹೇಳಿದ್ದಕ್ಕೆ ಎಂದೆ. ಅದಕ್ಕೆ ಹಿಂದೆ? ಮಾವ ಹೇಳಿದ್ದಕ್ಕೆ. ಮದುವೆಗೆ ಮುಂಚೆ? ಅಪ್ಪ ಹೇಳಿದ್ದಕ್ಕೆ.

"ನಿನ್ನ ವೋಟನ್ನೇ ನೀನು ಒಂದು ಸಲಾನೂ ಹಾಕಿಲ್ಲ. ನನ್ನದನ್ನ ಹ್ಯಾಗೆ ಹಾಕ್ತೀಯ?" ಎಂದರು ಅತ್ತೆ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ನೋಯಿಸಿತು. "ನಾನು ಒಂದು ಹೇಳಿದರೆ ನಿನ್ನ ಬೆರಳು ಮೂರನೇದಕ್ಕೇ ಹೋಗುತ್ತೆ. ಹೋಗದೆ ಇದ್ದರೂ ಅವನು ಬಂದು ಕೇಳಿದರೆ ನಿನ್ನ ಕೈಲಿ ಮುಚ್ಚಿಡೋಕೆ ಆಗಲ್ಲ. ಪಾಪ, ನೀನು ಇಲ್ಲೇ ಬಾಳಬೇಕಾದವಳು."

ಮಾವ ಇದ್ದಾಗ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಅತ್ತೆಗೆ ನಗು ಬಂತು. ಅವರು ಹಾಕಿದೆಯಾ ಅನ್ನೋರು, ನಾನು ಹಾಕಿದೆ ಅನ್ನುತ್ತಿದ್ದೆ, ಯಾರಿಗೆ ಅಂತ ಅವರು ಯಾವತ್ತೂ ಕೇಳಲೇ ಇಲ್ಲವಲ್ಲ ಎಂದರು. ಇಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು.

ನಾನು ಔಷಧಿ ಸೀಸೆಯನ್ನು ಹಿಡಿದುಕೊಂಡು ಅಲ್ಲೇ ಕೂತೆ. ನಾನು ಹಾಲಿನವನ ಹತ್ತಿರ ಕಾಸಿಗೆ ಕಾಸು ಜಗಳವಾಡುವವಳು. ನೀರಿನ ಲಾರಿಯ ಮುಂದೆ ನನ್ನ ಕೊಡವನ್ನು ಹಿಂದೆ ತಳ್ಳಲು ಯಾರಿಗೂ ಧೈರ್ಯವಿರಲಿಲ್ಲ. ಅಂಥವಳಿಗೆ ಈ ಒಂದು ವಿಷಯ ತಲೆಗೇ ಹೊಳೆದಿರಲಿಲ್ಲ. ಅಷ್ಟು ದಿನ ಓರಗಿತ್ತಿಯ ಮೇಲೆ ಉರಿಯುತ್ತಿದ್ದವಳಿಗೆ ಈಗ ಅತ್ತೆಯ ಮೇಲೇ ಹೊಟ್ಟೆಕಿಚ್ಚು ಶುರುವಾಯಿತು. ಬಾಗಿಲಲ್ಲಿ ನಿಂತವರು ಯಾರೆಂದು ಕಾಣದ ಆ ಮುದುಕಿಯ ಹತ್ತಿರ, ಗಂಡನಿಗೂ ಗೊತ್ತಿಲ್ಲದ, ಮಗನಿಗೂ ಗೊತ್ತಿಲ್ಲದ, ಪೂರಾ ತನ್ನದೇ ಆದ ಒಂದು ವಸ್ತುವಿತ್ತು. ನನ್ನ ಹತ್ತಿರ ಅಂಥದ್ದು ಏನಿತ್ತು? ತವರಿನವರು ಕೊಟ್ಟ ಬೆಳ್ಳಿ ಲೋಟದ ಮೇಲೂ ಅಪ್ಪನ ಹೆಸರೇ ಕೆತ್ತಿತ್ತು.

ಹೊಟ್ಟೆಕಿಚ್ಚಿನಿಂದ ಯಾರೂ ಉದ್ಧಾರವಾಗಿಲ್ಲ ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಸುಳ್ಳು. ನಾನು ತಮಿಳು ಓದಲು ಕಲಿತದ್ದೇ ಹೊಟ್ಟೆಕಿಚ್ಚಿನಿಂದ. ಬಸ್ಸಿನ ಬೋರ್ಡಿನಿಂದ ಶುರು ಮಾಡಿದೆ. ಆಮೇಲೆ ಸ್ಟೇಷನ್ನಿಗೆ ಹೋಗುವ ದಾರಿಯ ಗೋಡೆಗಳು. ನಮ್ಮ ಕಡೆ ಗೋಡೆಯೆಂದರೆ ಪಕ್ಷದವರ ಸ್ಲೇಟು, ಆಳೆತ್ತರದ ಬಣ್ಣದ ಅಕ್ಷರಗಳು. ಬಾಲವಾಡಿಯ ಮಗು ಕೂಡ ಅಷ್ಟು ದೊಡ್ಡ ಅಕ್ಷರದಲ್ಲಿ ಕಲಿತಿರಲಾರದು. ತರಕಾರಿ ಚೀಲ ಹಿಡಿದು ಗೋಡೆಯ ಮುಂದೆ ನಿಂತು ಒಂದೊಂದೇ ಅಕ್ಷರ ಕೂಡಿಸುತ್ತಿದ್ದರೆ ಪಕ್ಷದ ಹುಡುಗರು ನಾನು ಅವರ ಕಡೆಯವಳೇ ಎಂದು ತಿಳಿದು ವಣಕ್ಕಂ ಹೇಳುತ್ತಿದ್ದರು. ಗೋಡೆ ಮುಗಿದ ಮೇಲೆ ಪೇಪರಿಗೆ ಬಂದೆ. ಒಂದು ದಿನ ಮಧ್ಯಾಹ್ನ ಅತ್ತೆಯ ಮಂಚದ ಮೇಲೆ ನಾನೇ ಕಾಲು ಮಡಿಸಿ ಕೂತು ಓದಲು ಶುರು ಮಾಡಿದೆ. ಎತ್ತಿನ ಗಾಡಿ ಏರು ಹತ್ತಿದ ಹಾಗಿತ್ತು ನನ್ನ ಓದು. ಅತ್ತೆ ಅಲ್ಲಲ್ಲಿ ತಿದ್ದಿದರು. ಮೊದಲ ದಿನ ಅರ್ಧ ಪುಟಕ್ಕೇ ನಿದ್ದೆ ಹೋದರು. ಆದರೂ ಮಾರನೆಯ ದಿನ ತಾವಾಗಿಯೇ ಪೇಪರ್ ಎಲ್ಲಿ ಎಂದು ಕೇಳಿದರು. ಭಾನುವಾರ ಬಂದ ಓರಗಿತ್ತಿ ಸುದ್ದಿ ಹೇಳಲು ಹೊರಟರೆ, ಅದು ಹಳೇದಾಯ್ತು, ನಿಮ್ಮಕ್ಕ ಗುರುವಾರವೇ ಓದಿದಳು ಎಂದರು. ಅವತ್ತು ಸಂಜೆ ಅತ್ತೆಗೆ ಎರಡು ಮೊಳ ಮಲ್ಲಿಗೆ ತಂದೆ.

ಓದು ಬಂತು, ಆದರೆ ತೀರ್ಮಾನ ಮಾಡುವುದು ಅಷ್ಟು ಸುಲಭವಿರಲಿಲ್ಲ. ಮುಂದೆ ರಾಜ್ಯದ ಚುನಾವಣೆ ಬಂದಾಗ ನನಗೆ ತಲೆ ಕೆಟ್ಟುಹೋಯಿತು. ಒಬ್ಬರು ಮನೆಮನೆಗೆ ಟಿವಿ ಎಂದರು, ಇನ್ನೊಬ್ಬರು ಅಕ್ಕಿ ಎಂದರು. ತರಕಾರಿಯವಳು ತನ್ನ ಜಾತಿಯವನು ನಿಂತಿದ್ದಾನೆ ಎಂದಳು, ಎದುರು ಮನೆಯಾಕೆ ಅಭ್ಯರ್ಥಿ ನೋಡಲು ಲಕ್ಷಣವಾಗಿದ್ದಾನೆ ಎಂದಳು. ನೀರಿನ ಲಾರಿ ಯಾರ ಕಾಲದಲ್ಲಿ ಸರಿಯಾಗಿ ಬಂತು, ಹಳಿ ದಾಟುವಾಗ ಪಕ್ಕದ ಬೀದಿಯ ಮುದುಕನಿಗೆ ಏಟಾದಾಗ ಯಾರು ಬಂದು ನೋಡಿದರು ಎಂದು ನಾನು ಅನ್ನ ಬಸಿಯುವಾಗಲೂ ಯೋಚಿಸಿದೆ. ಎಷ್ಟೋ ಸಲ, ನಮ್ಮೆಜಮಾನರು ಹೇಳಿದ್ದಕ್ಕೆ ವಿರುದ್ಧ ಒತ್ತಿಬಿಟ್ಟರೆ ಸಾಕು, ಅದೇ ನನ್ನ ವೋಟು ಎಂದೂ ಅನ್ನಿಸಿತು. ಹಾಗೆ ಮಾಡಿದರೂ ಇವರು ಹೇಳಿದ ಹಾಗೆಯೇ ಆಯಿತಲ್ಲ, ತಲೆಕೆಳಗಾಗಿ. ವೋಟಿನ ದಿನ ಬೆಳಗ್ಗೆ ನಮ್ಮೆಜಮಾನರು ಲೋಟ ಕೆಳಗಿಟ್ಟು ಗುರುತು ಹೇಳಿದರು. ನಾನು ಹೂಂ ಅಂದೆ. ಆ ಹೂಂ ನನ್ನ ಕಿವಿಗೇ ಅತ್ತೆಯ ಹೂಂ ಥರ ಕೇಳಿಸಿತು.

ಆ ಸಲವೂ ಅತ್ತೆ ಓರಗಿತ್ತಿಗೆ ಫೋನ್ ಮಾಡಿಸಿದ್ದರು. ಆಟೋ ಬಂತು, ಅವಳು ಇಳಿದಳು, ನನ್ನೊಳಗೆ ಹಳೆಯ ಉರಿ ಎದ್ದು ಕೂತಿತು. ಅದೇ ಶಾಲೆ. ಬಿಸಿಲು ಜೋರಾಗಿತ್ತು. ಅತ್ತೆಯನ್ನು ವರಾಂಡದಲ್ಲಿ ಕುರ್ಚಿ ಹಾಕಿ ಕೂರಿಸಿ, ಓರಗಿತ್ತಿಯನ್ನು ಪಕ್ಕದಲ್ಲಿ ಬಿಟ್ಟು ನಾನು ಮೊದಲು ಒಳಗೆ ಹೋದೆ. ರಟ್ಟಿನ ಮರೆಯಲ್ಲಿ ಮೆಷಿನ್ನಿನ ಮುಂದೆ ನಿಂತು ಗುರುತುಗಳನ್ನು ಒಂದೊಂದಾಗಿ ನೋಡಿದೆ. ಬೆನ್ನ ಹಿಂದೆ ಅಪ್ಪ, ಮಾವ, ಗಂಡ ಮೂವರೂ ಸಾಲಾಗಿ ನಿಂತು ಇಣುಕುತ್ತಿರುವ ಹಾಗೆ ಅನ್ನಿಸಿತು. ಹೊರಗಿನಿಂದ ಗುಮಾಸ್ತ, ಏನಮ್ಮಾ ಆಯಿತಾ ಎಂದು ಕೇಳಿದ. ಇನ್ನೂ ಇಲ್ಲ ಎಂದೆ. ಆಮೇಲೆ ಒತ್ತಿದೆ.

ಹೊರಗೆ ಬಂದಾಗ ನನ್ನ ಹೆಜ್ಜೆಯ ಸದ್ದಿಗೆ ಅತ್ತೆ ತಲೆ ಎತ್ತಿದರು. ಹಾಕಿದೆಯಾ ಎಂದರು. ಹಾಕಿದೆ ಎಂದೆ.

"ಯಾರಿಗೆ?"

ಓರಗಿತ್ತಿಯೂ ನನ್ನ ಮುಖ ನೋಡುತ್ತಿದ್ದಳು. ನನಗೆ ಅತ್ತೆಗೆ ಹೇಳಬೇಕು ಎನ್ನಿಸಿತು, ತುಂಬಾ ಆಸೆಯಾಯಿತು. ನೋಡಿ, ನಾನೇ ಯೋಚಿಸಿ ಹಾಕಿದೆ, ಇಂಥ ಕಾರಣಕ್ಕೆ ಹಾಕಿದೆ ಎಂದು ಹೇಳಿ ಶಹಬ್ಬಾಸ್ ಎನ್ನಿಸಿಕೊಳ್ಳಬೇಕು ಎನ್ನಿಸಿತು. ಮಾತು ನಾಲಿಗೆಯ ತುದಿಯವರೆಗೂ ಬಂತು.

"ಹೇಳಲ್ಲ ಅತ್ತೆ."

ಅತ್ತೆ ಕೈಯಲ್ಲಿದ್ದ ಊರುಗೋಲನ್ನು ಓರಗಿತ್ತಿಯ ಕಡೆ ಚಾಚಿ, ಇದನ್ನ ಹಿಡ್ಕೊಂಡು ಇಲ್ಲೇ ಕೂತಿರು ಚಿಕ್ಕವಳೇ ಎಂದರು. ಇನ್ನೊಂದು ಕೈಯನ್ನು ನನ್ನ ಧ್ವನಿ ಬಂದ ಕಡೆಗೆ ಚಾಚಿದರು. ನಾನು ಹಿಡಿದುಕೊಂಡೆ. ಓರಗಿತ್ತಿಯ ಮುಖ ಆಗ ಹೇಗಾಯಿತು ಎಂದು ನೋಡಲೇಬೇಕೆಂದು ತಿರುಗಿ ನೋಡಿದೆ, ನೋಡಿ ತೃಪ್ತಿಪಟ್ಟುಕೊಂಡೇ ಒಳಗೆ ಹೋದೆ.

ಅಧಿಕಾರಿ ಕಾಗದ ಕೊಟ್ಟರು. ನಾನು ತಮಿಳಿನಲ್ಲಿ ಸಹಿ ಹಾಕಿದೆ, ಗೋಡೆಯ ಮೇಲಿನ ಅಕ್ಷರಗಳ ಹಾಗೆ ದಪ್ಪ ದಪ್ಪಗೆ. ರಟ್ಟಿನ ಮರೆಯಲ್ಲಿ ಅತ್ತೆ ನನ್ನ ಕಿವಿಗೆ ಬಾಯಿಟ್ಟು ಗುರುತು ಹೇಳಿದರು. ಕೇಳಿ ನಾನು ಹಾಗೇ ನಿಂತುಬಿಟ್ಟೆ. ಮತ್ತೊಮ್ಮೆ ಹೇಳಿದರು. ಅವರ ಬೆರಳನ್ನು ಹಿಡಿದು ಆ ಗುಂಡಿಯ ಮೇಲಿಟ್ಟೆ, ಒತ್ತಿದ್ದು ಅವರೇ. ಕೀಂ ಎಂದು ಕೂಗುವುದು ನಿಲ್ಲುವವರೆಗೂ ಅವರು ಬೆರಳು ತೆಗೆಯಲಿಲ್ಲ. ಅವರು ಹೇಳಿದ ಗುರುತೂ ನಾನು ಒತ್ತಿ ಬಂದ ಗುರುತೂ ಒಂದೇ ಆಗಿತ್ತೋ ಬೇರೆಯೋ, ಇಲ್ಲಿ ಬರೆಯುವುದಿಲ್ಲ. ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಆದರೂ ಸಹಿ ಸಹಿಯೇ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ನಾನು ಬಡಿಸುತ್ತಿದ್ದೆ. ಈ ಸಲ ಅಮ್ಮನ ಜೊತೆ ಹೋದದ್ದು ನಾನು ಎಂದು ತಿಳಿದು ನಮ್ಮೆಜಮಾನರಿಗೆ ಹೆಮ್ಮೆಯೋ ಹೆಮ್ಮೆ. ಅನ್ನ ಕಲಸುತ್ತ, ಅಮ್ಮ ಸರಿಯಾಗಿ ಹಾಕಿದರು ತಾನೇ ಎಂದು ಕೇಳಿದರು. ಹೇಳಬಾರದು, ಸೈನ್ ಹಾಕಿದ್ದೀನಿ ಎಂದೆ. ಓಹೋ, ದೊಡ್ಡ ಕಾನೂನು ಎಂದು ನಕ್ಕರು. ನಗು ಮುಗಿಸಿ ಇನ್ನೊಂದು ಪ್ರಶ್ನೆ ಕೇಳಿದರು.

"ಅದಿರಲಿ, ನಿಂದು? ನಾನು ಹೇಳಿದ್ದಕ್ಕೇ ತಾನೇ ಹಾಕಿದ್ದು?"

ಇದಕ್ಕೆ ನಾನು ಎಲ್ಲಿಯೂ ಸಹಿ ಹಾಕಿರಲಿಲ್ಲ. ಹುಳಿಯ ಪಾತ್ರೆ ಕೈಯಲ್ಲಿ ಬಿಸಿಯಾಗಿತ್ತು. ಅತ್ತೆಯ ಬೆರಳುಗಳು ಅನ್ನದಲ್ಲಿ ಹಾಗೇ ನಿಂತವು.

"ಹಾಕಿದೆ" ಎಂದೆ.

ನಮ್ಮೆಜಮಾನರು ತಲೆಯಾಡಿಸಿ ಊಟ ಮುಂದುವರಿಸಿದರು. ಅತ್ತೆ ತಟ್ಟೆಯ ಮೇಲೆ ಬಗ್ಗಿ, ಮಗನಿಗೆ ಕಾಣದ ಹಾಗೆ ನಕ್ಕರು. ಓರಗಿತ್ತಿ ಒಮ್ಮೆ ಅತ್ತೆಯ ಮುಖ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. ಆ ನೋಟದಲ್ಲಿದ್ದ ಉರಿ ನನಗೆ ಚೆನ್ನಾಗಿ ಪರಿಚಯದ್ದೇ. ಅವಳಿಗೆ ಇನ್ನೊಂದು ಸೌಟು ಹುಳಿ ಬಡಿಸಿದೆ.